ಏಳು ಗೆರೆಯ ಸುಳ್ಳು

"ಮುಟ್ಟಬೇಡಿ ಅಕ್ಕಾ!"

ಆಪರೇಟರನ ಕೂಗಿಗೆ, ಸೂಜಿ ಎಂದು ಎಲ್ಲರೂ ಕರೆಯುವ ಹೆಂಗಸಿನ ಕೈ ಗಾಳಿಯಲ್ಲೇ ನಿಂತಿತು. ಕನ್ನಡಿಯ ಸ್ಟ್ಯಾಂಡಿಗೆ ಜೋಡಿಸಿದ್ದ ತಿರುಪಿನ, ಅಳತೆಗೆರೆ ಕೊರೆದ ಹಿತ್ತಾಳೆ ಬಳೆಗೂ ಅವಳ ತೋರುಬೆರಳಿಗೂ ನಡುವೆ ಒಂದು ಅಕ್ಕಿಕಾಳು ತೂರುವಷ್ಟೇ ಜಾಗ ಉಳಿದಿತ್ತು.

"ಮುಟ್ಟೋಕಲ್ಲ ಕಣಯ್ಯ, ಓದೋಕೆ. ಇಪ್ಪತ್ತೆರಡು ವರ್ಷ ಕಾರ್ಖಾನೆಯ ಅಳತೆ ಕೋಣೇಲಿ ಕೂತು ಕಣ್ಣು ಸವೆಸಿದವಳು ನಾನು. ಯಾವುದನ್ನ ಮುಟ್ಟಬೇಕು, ಯಾವುದನ್ನ ಬರೀ ನೋಡಬೇಕು ಅಂತ ನೀನು ಹೇಳಿಕೊಡಬೇಡ."

"ಅದಲ್ಲ ಅಕ್ಕ. ಸೀಲ್ ಮಾಡಿರೋ ಕೋಣೆ. ಬಾಗಿಲು ತೆಗೆದಿದ್ದು ನಾನೇ ಅಂತ ಗೊತ್ತಾದರೆ ನನ್ನ ಕಥೆ ಮುಗೀತು."

"ಒಬ್ಬಳ ಕಥೆ ಆಗಲೇ ಮುಗಿಸಿದ್ದೀರಲ್ಲಪ್ಪ," ಎಂದಳು ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್. "ನಿನ್ನದು ಬಂದಾಗ ಮಾತ್ರ ಯಾಕೆ ಇಷ್ಟು ನಡುಕ?"

ಕಂಡಕ್ಟರ್ ಎಂದರೆ ಕನ್ನಡಿಯವಳ, ಅಂದರೆ ಈ ಕೋಣೆಯ ಕನ್ನಡಿ ಹೊಂದಿಸುತ್ತಿದ್ದವಳ, ಒಡಹುಟ್ಟಿದ ಅಕ್ಕ; ಸೂಜಿಯನ್ನು ಹುಡುಕಿ ಇಲ್ಲಿಗೆ ಕರೆತಂದವಳೂ ಅವಳೇ. ಹದಿನಾರು ವರ್ಷ ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿದು ಹರಿದು ಅವಳ ನಾಲಿಗೆಗೂ ಅದೇ ಅಭ್ಯಾಸವಾಗಿತ್ತು. ಎದುರು ಸಿಕ್ಕವರನ್ನೆಲ್ಲ ಹರಿದು ಕೈಗೆ ಕೊಡುತ್ತಿದ್ದಳು.

ಐದು ದಿನದ ಹಿಂದೆ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಕಣ್ಣಿಗೆ ಕಾಣದ ಬೆಳಕೊಂದು ಇದೇ ಕೋಣೆಯಲ್ಲಿ ಅವಳ ತಂಗಿಯ ಬಲಗಣ್ಣನ್ನು ಸುಟ್ಟಿತ್ತು. ಎಡಗಣ್ಣು ಅರ್ಧ ಉಳಿದಿತ್ತು. ಸಂಸ್ಥೆಯ ವರದಿ ಎರಡೇ ದಿನದಲ್ಲಿ ತಯಾರಾಯಿತು: ಸ್ವಂತ ನಿರ್ಲಕ್ಷ್ಯ. ಆ ಎರಡು ಪದಗಳ ಕೆಳಗೆ ಮನೆಯವರು ಸಹಿ ಹಾಕಿದರೆ ಎಡಗಣ್ಣಿನ ಶಸ್ತ್ರಚಿಕಿತ್ಸೆಗೆ ಸಂಸ್ಥೆಯ ಪತ್ರ ಆಸ್ಪತ್ರೆಗೆ ಹೋಗುತ್ತದೆ. ಹಾಕದಿದ್ದರೆ ಹೋಗುವುದಿಲ್ಲ. ಹಾಕಿದರೆ ಕಣ್ಣು ಉಳಿಯಬಹುದು. ಆದರೆ ಆ ಕಣ್ಣಿಗೆ ಮುಂದೆ ಯಾವ ಪ್ರಯೋಗಾಲಯದಲ್ಲೂ ಕೆಲಸವಿರುವುದಿಲ್ಲ. ಗಡುವು ಇವತ್ತು ಮೂರು ಗಂಟೆ. ಮೂರಕ್ಕೇ ಹೊರಗಿನಿಂದ ದೊಡ್ಡವರ ತಂಡವೊಂದು ಬರುವುದಿತ್ತು, ಸಂಸ್ಥೆ ಹೊತ್ತಿಸಿದ ದಾಖಲೆಯ ಬೆಳಕಿನ ವಿವರ ಕೇಳಿ ಚಪ್ಪಾಳೆ ತಟ್ಟಲು.

ಈಗ ಹನ್ನೆರಡೂವರೆ.

ಸೂಜಿ ಕೋಣೆಯನ್ನು ಕಣ್ಣಿನಲ್ಲೇ ಇನ್ನೊಮ್ಮೆ ಗುಡಿಸಿದಳು. ಮೂರು ಮಂಚ ಹಿಡಿಸುವಷ್ಟು ಉದ್ದ, ಒಂದು ಮಂಚದಷ್ಟು ಅಗಲ. ಕಿಟಕಿಯಿಲ್ಲ. ನೆಲಕ್ಕೆ ಬಿಗಿದ ಉಕ್ಕಿನ ಮೇಜು, ಅದರ ಮೇಲೆ ಕನ್ನಡಿಯ ಸ್ಟ್ಯಾಂಡು. ಕನ್ನಡಿಯ ನಡುವೆ ಸಾಸಿವೆಯಷ್ಟು ತೂತು. ಬೆಳಕು ಹೊರಬರುವ ದಾರಿ ಅದು. ಆ ದಾರಿಗೆ ಅಡ್ಡ ಇರಬೇಕಾದ ತಗಡಿನ ಮುಚ್ಚಳ ಮೇಜಿನ ಮೂಲೆಯಲ್ಲಿ, ತನ್ನ ಎರಡು ಸ್ಕ್ರೂಗಳ ಪಕ್ಕದಲ್ಲಿ ಅಚ್ಚುಕಟ್ಟಾಗಿ ಕೂತಿತ್ತು. ಕನ್ನಡಿಯವಳೇ ಅದನ್ನು ತೆಗೆದಿದ್ದಳು ಎನ್ನುತ್ತದೆ ವರದಿ.

ಮೇಜಿನ ಪಕ್ಕದ ನೆಲದಲ್ಲಿ ಹಳದಿ ಬಣ್ಣದಲ್ಲಿ ಎರಡು ಪಾದಗಳನ್ನು ಬರೆದಿದ್ದರು.

"ಇದೇನಯ್ಯ?"

ಆಪರೇಟರ್ ಆ ಪಾದಗಳಿಂದ ಒಂದು ಹೆಜ್ಜೆ ಹಿಂದೆ ಸರಿದ. ಹದಿನೈದು ವರ್ಷದಿಂದ ಯಂತ್ರದ ನಿಯಂತ್ರಣ ಮೇಜಿನಲ್ಲಿ ಕೂತವನು, ತೆಳ್ಳಗಿನ ಆಳು. "ಅವಳು ನಿಂತ್ಕೋಬೇಕಾದ ಜಾಗ ಅಕ್ಕ."

"ಯಂತ್ರ ಓಡೋವಾಗ?"

ಆಪರೇಟರ್ ಬಾಗಿಲತ್ತ ನೋಡಿದ.

"ನೋಡು, ನನಗೆ ಮೊದಲಿಂದ ಹೇಳು. ಪುಸ್ತಕದ ಭಾಷೆ ಬೇಡ. ನಿನ್ನ ಹೆಂಡತಿಗೆ ಹೇಳೋ ಹಾಗೆ ಹೇಳು."

"ಅವಳಿಗೆ ಏನು ಹೇಳಿದ್ರೂ ತಲೆ ಆಡಿಸ್ಕೊಂಡು ಟೀವಿ ನೋಡ್ತಾಳೆ ಅಕ್ಕ," ಎಂದ ಅವನು. ಆ ಐದು ದಿನದಲ್ಲಿ ಅವನು ಆಡಿದ ಮೊದಲ ತಮಾಷೆಯಿರಬೇಕು, ಅವನಿಗೇ ನಾಚಿಕೆಯಾಯಿತು. "ನಮ್ಮ ಯಂತ್ರ ಅಂದ್ರೆ ಇಷ್ಟೇ. ಆ ತುದಿಯಿಂದ ಎಲೆಕ್ಟ್ರಾನ್‌ಗಳು ಗುಂಪು ಗುಂಪಾಗಿ ಓಡಿ ಬರ್ತವೆ. ದಾರೀಲಿ ಆಯಸ್ಕಾಂತದ ಸಾಲು. ಒಂದು ಈ ಕಡೆ ಎಳೆದರೆ ಮುಂದಿನದು ಆ ಕಡೆ. ಅದರೊಳಗೆ ಓಲಾಡಿಕೊಂಡು ಹೋಗೋವಾಗ ಅವು ಬೆಳಕು ಬಿಡ್ತವೆ. ಆ ಬೆಳಕು ಈ ಕನ್ನಡಿಗೂ ಆ ತುದಿಯ ಕನ್ನಡಿಗೂ ಮಧ್ಯ ಮಗ್ಗದ ಲಾಳಿ ಥರ ಓಡಾಡತ್ತೆ. ಒಂದೊಂದು ಸುತ್ತು ಮುಗಿಸಿ ಬಂದಾಗಲೂ ಹೊಸ ಗುಂಪಿನ ಜೊತೆ ಸರಿಯಾಗಿ ಸೇರಿಕೊಳ್ಳಬೇಕು. ಸೇರಿದರೆ ಬೆಳಕು ಬೆಳೆಯತ್ತೆ. ಎರಡು ಕನ್ನಡಿ ಮಧ್ಯದ ದೂರ ಒಂದು ಕೂದಲಿನ ಹತ್ತನೇ ಒಂದು ಪಾಲು ಆಚೀಚೆ ಆಯ್ತೋ, ಮುಗೀತು."

"ಸ್ಟಾಪಿಗೆ ಬರೋದು ಒಂದು ನಿಮಿಷ ತಡ, ಬಸ್ಸು ಹೊರಟುಹೋಯ್ತು," ಎಂದಳು ಕಂಡಕ್ಟರ್.

"ಅದೇ ಅದೇ. ಆದರೆ ಇದರಲ್ಲಿ ಒಂದು ಪೇಚಿದೆ. ಬೆಳಕು ಬೇಗ ಹತ್ತಿಕೊಳ್ಳೋ ಜಾಗ ಬೇರೆ, ಜೋರಾಗಿ ಉರಿಯೋ ಜಾಗ ಬೇರೆ. ಈ ತಿರುಪನ್ನ ಮುನ್ನೂರ ನಲವತ್ತಕ್ಕೆ ಇಟ್ಟರೆ ಚಕ್ಕಂತ ಹತ್ತತ್ತೆ, ಆದರೆ ಮಂದ. ಮುನ್ನೂರ ಐವತ್ತೆರಡಕ್ಕೆ ಇಟ್ಟರೆ ಎರಡರಷ್ಟು ಜೋರು, ಆದರೆ ಅಲ್ಲಿಂದ ಶುರು ಮಾಡಿದರೆ ಹತ್ತೋದೇ ಇಲ್ಲ. ಎಂಟು ವರ್ಷ ನಮ್ಮ ದೊಡ್ಡವರು ಇದರಲ್ಲಿ ಯಾವುದು ವಾಸಿ ಅಂತ ಸೆಮಿನಾರ್ ಮಾಡಿದ್ರು. ಇವಳು ಒಂದು ದಿನ ಕನ್ನಡಿ ಒರೆಸ್ತಾ ಒರೆಸ್ತಾ, 'ಒಂದೇ ಯಾಕೆ ಸಾರ್? ನಲವತ್ತರಲ್ಲಿ ಹತ್ತಿಸಿ, ಉರೀತಾ ಇರೋವಾಗಲೇ ಐವತ್ತೆರಡಕ್ಕೆ ಎಳೀರಿ' ಅಂದ್ಲು."

"ಮೊದಲು ಒಂದನೇ ಗೇರು, ಓಡಿದ ಮೇಲೆ ನಾಲ್ಕನೇದು," ಎಂದಳು ಕಂಡಕ್ಟರ್. "ಇಷ್ಟಕ್ಕೆ ಎಂಟು ವರ್ಷ ಸೆಮಿನಾರಾ? ನಮ್ಮ ಡಿಪೋದಲ್ಲಿ ಬಸ್ ತೊಳೆಯೋನೂ ಹೇಳ್ತಿದ್ದ."

"ಬೆಳಕು ಎರಡರಷ್ಟಾಯ್ತು ಅಕ್ಕ. ಎರಡು ತಿಂಗಳಲ್ಲಿ. ಜಗತ್ತೆಲ್ಲ ಓದೋ ಪತ್ರಿಕೇಲಿ ಲೇಖನ ಬಂತು."

"ಅದರಲ್ಲಿ ಅವಳ ಹೆಸರು?"

"ಐದು ಹೆಸರಿತ್ತು. ಅವಳದಿರಲಿಲ್ಲ. ಕೊನೇಲಿ 'ತಾಂತ್ರಿಕ ಸಿಬ್ಬಂದಿಗೆ ಕೃತಜ್ಞತೆಗಳು' ಅಂತ ಒಂದು ಸಾಲು."

"ಆ ಸಾಲನ್ನ ಮಡಿಸಿ ಅವಳ ಕಣ್ಣಿಗೆ ಕಟ್ಟಿ ಹಾಗಾದ್ರೆ. ಬ್ಯಾಂಡೇಜ್ ಉಳಿಯತ್ತೆ," ಎಂದಳು ಕಂಡಕ್ಟರ್.

ಸಿಟ್ಟು ಬಂದಾಗ ಸೂಜಿಯ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. "ಉರೀತಾ ಇರೋವಾಗಲೇ ಎಳೀಬೇಕು ಅಂದೆ. ಎಳೆಯೋಕೆ ಇಲ್ಲಿ ಮೋಟಾರ್ ಎಲ್ಲಿದೆ?"

"ಮೂರು ಸಲ ಬರೆದುಕೊಟ್ಲು. ಮೂರು ಸಲವೂ 'ಅಗತ್ಯವನ್ನು ಮನಗಾಣಿಸಿ' ಅಂತ ವಾಪಸ್ ಬಂತು."

ಸೂಜಿ ನೆಲದ ಮೇಲಿನ ಹಳದಿ ಪಾದಗಳನ್ನು ನೋಡಿದಳು. ಮೋಟಾರ್ ಕೊಡಲಿಲ್ಲ, ಪಾದ ಬರೆದುಕೊಟ್ಟರು. ಒಂಬತ್ತು ವರ್ಷ ಗುತ್ತಿಗೆಯಲ್ಲೇ ಕೊಳೆಯಿಸಿದ ಹೆಂಗಸೊಬ್ಬಳನ್ನು ಯಂತ್ರದ ಬಿಡಿಭಾಗದ ಹಾಗೆ ಇಲ್ಲಿ ನಿಲ್ಲಿಸಿದರು. ಮೋಟಾರ್ ಸುಟ್ಟರೆ ಕಂಪನಿಯವರನ್ನು ಕರೆಸಿ ಕಾರಣ ಕೇಳುತ್ತಾರೆ. ಹೆಂಗಸು ಸುಟ್ಟರೆ ಕಾರಣ ಅವಳೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯಲ್ಲಿ ಎಮ್ಮೆಗೆ ಬರೆ ಮಾತ್ರ ಬೀಳುತ್ತದೆ. ಇಲ್ಲಿ ಬರೆ ಹಾಕಿಸಿಕೊಂಡವಳೇ ರಶೀದಿಗೂ ಸಹಿ ಹಾಕಬೇಕಿತ್ತು.

"ಆವತ್ತು ಐವತ್ತೆರಡಕ್ಕೆ ಎಳೆದಿದ್ರಾ?"

"ವರದೀಲಿ ನಲವತ್ತು ಅಂತಿದೆ."

"ನಾನು ವರದಿ ಕೇಳಲಿಲ್ಲ."

"ನನಗೆ ಇಬ್ಬರು ಮಕ್ಕಳು ಅಕ್ಕ."

ಸೂಜಿ ಮತ್ತೆ ತಿರುಪಿನತ್ತ ಬಗ್ಗಿದಳು. ಇಡೀ ಪ್ರಕರಣ ನಿಂತಿದ್ದು ಈ ಸಂಖ್ಯೆಯ ಮೇಲೆ. ನಲವತ್ತೆಂದರೆ ಮಂದ ಬೆಳಕು, ಮಾಮೂಲಿ ಹೊಂದಾಣಿಕೆ. ಯಾರಿಗೂ ಹೇಳದೆ ಒಳಗೆ ಬಂದು, ಮುಚ್ಚಳ ತೆಗೆದು, ತೂತಿಗೆ ಕಣ್ಣಿಟ್ಟಿದ್ದಳು ಎಂದು ಬರೆದುಬಿಡಬಹುದು. ಐವತ್ತೆರಡಾಗಿದ್ದರೆ ಅದು ದಾಖಲೆಯ ಬೆಳಕು. ಅದನ್ನು ಒಬ್ಬಳೇ ಹೊತ್ತಿಸಲು ಬರುವುದಿಲ್ಲ. ನಿಯಂತ್ರಣ ಮೇಜಿನಲ್ಲಿ ಒಬ್ಬ ಬೇಕು, ಅವನಿಗೆ ಅಪ್ಪಣೆ ಕೊಡಲು ಇನ್ನೊಬ್ಬ ಬೇಕು.

ಹಿತ್ತಾಳೆ ಬಳೆಯ ಮೇಲಿನ ಗೆರೆ ಮುನ್ನೂರ ನಲವತ್ತನ್ನೇ ತೋರಿಸುತ್ತಿತ್ತು.

ಸ್ಟ್ಯಾಂಡಿನ ಬೆನ್ನಿಗೆ ಆನಿಸಿ ಇನ್ನೊಂದು ಗೇಜು ಕೂತಿತ್ತು. ತಿರುಪು ಎಷ್ಟು ತಿರುಗಿತು ಎಂಬ ಗೊಡವೆ ಅದಕ್ಕಿಲ್ಲ. ಕನ್ನಡಿ ನಿಜವಾಗಿ ಎಲ್ಲಿ ನಿಂತಿದೆಯೋ ಅದನ್ನಷ್ಟೇ ಅದರ ಮುಳ್ಳು ಹೇಳುತ್ತದೆ. ಮುಳ್ಳು ಮುನ್ನೂರ ನಲವತ್ತೇಳರಲ್ಲಿತ್ತು.

ಸೂಜಿ ಬಳೆಯನ್ನೂ ಮುಳ್ಳನ್ನೂ ಇನ್ನೊಮ್ಮೆ ಓದಿದಳು.

"ಅವಳ ಲೆಕ್ಕದ ಪುಸ್ತಕ ಕೊಡು."

ಗೂಟಕ್ಕೆ ನೇತುಹಾಕಿದ್ದ ಬಿಳಿ ಕೋಟಿನ ಜೇಬಿನಿಂದ ಆಪರೇಟರ್ ಅದನ್ನು ತೆಗೆದ. ಸ್ಪಿರಿಟ್ಟಿನ ವಾಸನೆ ಹೊಡೆಯುತ್ತಿದ್ದ, ಮೂಲೆ ಮಡಿಚಿದ ಪುಸ್ತಕ. ಪ್ರತಿ ಸಾಲಿನಲ್ಲಿ ಎರಡು ಸಂಖ್ಯೆ: ಬಳೆಯದೊಂದು, ಮುಳ್ಳಿನದೊಂದು. ಒಂಬತ್ತು ವರ್ಷ. ಎರಡೂ ಬೇರೆಯಾದ ಒಂದು ಸಾಲೂ ಇರಲಿಲ್ಲ.

"ಏನಕ್ಕ ಅದು?" ಕಂಡಕ್ಟರ್ ಇಣುಕಿದಳು.

"ನಿಮ್ಮ ಹಳೇ ಬಸ್ಸುಗಳ ಸ್ಟೇರಿಂಗ್ ನೋಡಿದ್ದೀಯಲ್ಲ. ಎಡಕ್ಕೆ ತಿರುಗಿಸಿ, ಆಮೇಲೆ ಬಲಕ್ಕೆ ತಿರುಗಿಸಿದರೆ?"

"ಮೊದಲು ನಾಲ್ಕು ಬೆರಳಷ್ಟು ಸುಮ್ಮನೆ ತಿರುಗತ್ತೆ. ಚಕ್ರ ಜಪ್ಪಯ್ಯ ಅನ್ನಲ್ಲ."

"ಇದೂ ಅಷ್ಟೇ. ಯಾವ ತಿರುಪಿಗಾದರೂ ಹಲ್ಲು ಒಂಚೂರು ಸಡಿಲ ಇರತ್ತೆ. ಅದಕ್ಕೇ ಕೈಕೆಲಸ ಗೊತ್ತಿದ್ದವರು ಯಾವಾಗಲೂ ಒಂದೇ ಕಡೆಯಿಂದ ಬರ್ತಾರೆ. ಐವತ್ತೆರಡರಿಂದ ನಲವತ್ತಕ್ಕೆ ಇಳಿಸಬೇಕಾ? ನಲವತ್ತಕ್ಕೆ ನಿಲ್ಲಿಸಲ್ಲ. ದಾಟಿ ಕೆಳಗೆ ಹೋಗಿ, ಅಲ್ಲಿಂದ ಮೇಲಕ್ಕೆ ಬಂದು ನಿಲ್ಲಿಸ್ತಾರೆ. ಆಗ ಬಳೆ ಹೇಳೋದೂ ಮುಳ್ಳು ಹೇಳೋದೂ ಒಂದೇ." ಅವಳು ಮೂಲೆಯಲ್ಲಿದ್ದ ಇನ್ನೊಂದು ಸ್ಟ್ಯಾಂಡನ್ನು ತೋರಿಸಿದಳು, ಇಟ್ಟಿಗೆಯಷ್ಟಿತ್ತು, ಅದಕ್ಕೂ ತನ್ನದೇ ಗೇಜಿತ್ತು. "ಇದು?"

"ಜೋಡಿ ಸ್ಟ್ಯಾಂಡು. ಒಂದೇ ಅಚ್ಚು. ಅದು ಕೆಟ್ಟರೆ ಇದು."

"ಐವತ್ತೆರಡಕ್ಕೆ ಇಡು. ಇಟ್ಟೆಯಾ? ಈಗ ನಲವತ್ತಕ್ಕೆ ತಾ."

ಆಪರೇಟರನ ಬೆರಳುಗಳು ಯೋಚಿಸಲೇ ಇಲ್ಲ. ಐವತ್ತು, ನಲವತ್ತೈದು, ನಲವತ್ತು. ನಿಲ್ಲದೆ ಇಪ್ಪತ್ತೈದಕ್ಕೆ ಇಳಿದವು, ಅಲ್ಲಿಂದ ಮಗುವಿನ ಕೆನ್ನೆ ಸವರುವಷ್ಟು ಮೆತ್ತಗೆ ಮೇಲೆ ಬಂದು ನಲವತ್ತರಲ್ಲಿ ನಿಂತವು. ಮುಳ್ಳೂ ನಲವತ್ತು.

"ಹಾಗಾದರೆ ನೀನಲ್ಲ," ಎಂದಳು ಸೂಜಿ. "ಅವಳಂತೂ ಅಲ್ಲವೇ ಅಲ್ಲ. ಸೀಲ್ ಹಾಕೋಕೆ ಮುಂಚೆ ಈ ಕೋಣೆಗೆ ಇನ್ಯಾರು ಬಂದಿದ್ರು?"

"ಸುರಕ್ಷತಾ ಅಧಿಕಾರಿ ಸ್ಟ್ರೆಚರ್ ತಂದ್ರು. ಸುಟ್ಟ ವಾಸನೆಗೆ ತಲೆ ಸುತ್ತಿ ಬಾಗಿಲಲ್ಲೇ ಕೂತುಬಿಟ್ರು."

"ಮತ್ತೆ?"

ಆಪರೇಟರ್ ಎರಡು ಬೆರಳಿನಿಂದ ತನ್ನ ಅಂಗಿಯ ಕಾಲರನ್ನು ನೆಟ್ಟಗೆ ತೀಡಿಕೊಂಡು ತೋರಿಸಿದ. ಇಡೀ ಸಂಸ್ಥೆಗೆ ಅದರ ಅರ್ಥ ಗೊತ್ತಿತ್ತು.

ಸೂಜಿ ಜೋಡಿ ಸ್ಟ್ಯಾಂಡನ್ನು ಸೊಂಟಕ್ಕೆ ಎತ್ತಿಕೊಂಡಳು. "ನಡೀರಿ."

*

ಸಂಸ್ಥೆಯ ಮುಖ್ಯಸ್ಥನಿಗೆ ಕೆಲಸಗಾರರು ಇಟ್ಟ ಹೆಸರು ಇಸ್ತ್ರಿ. ಅಂಗಿಯಲ್ಲಿ ಸುಕ್ಕಿಲ್ಲ, ಮಾತಿನಲ್ಲಿ ಸುಕ್ಕಿಲ್ಲ, ಮುಟ್ಟಿದರೆ ಸುಡುತ್ತಾನೆ. ಅವನ ಕೋಣೆಯ ಗೋಡೆಗೆ ದಾಖಲೆಯ ಬೆಳಕಿನ ನಕ್ಷೆಯನ್ನು ಕಟ್ಟು ಹಾಕಿಸಿ ತೂಗುಹಾಕಿದ್ದರು: ಮಲಗಿದ ಗೆರೆಯೊಂದು ಒಮ್ಮೆಗೇ ಎದ್ದು ನಿಂತು ಮೇಲಕ್ಕೆ ಓಡುವ ಚಿತ್ರ. ಮೇಜಿನ ಮೇಲೆ ವರದಿ, ವರದಿಯ ಮೇಲೆ ಪೆನ್ನು.

"ಬನ್ನಿ ಅಮ್ಮ, ಕೂತ್ಕೊಳ್ಳಿ. ಸಹಿ ಹಾಕೋಕೆ ಬಂದ್ರಿ ಅಂದ್ಕೋತೀನಿ. ಒಳ್ಳೇ ನಿರ್ಧಾರ. ಆಸ್ಪತ್ರೆಗೆ ಪತ್ರ ರೆಡಿ ಇದೆ."

"ಏನಯ್ಯಾ ಒಳ್ಳೇದು?" ಕಂಡಕ್ಟರ್ ಕೂರಲಿಲ್ಲ. "ನನ್ನ ತಂಗಿ ಕಣ್ಣು ಕಿತ್ಕೊಂಡು, ಇನ್ನೊಂದನ್ನ ಒತ್ತೆ ಇಟ್ಕೊಂಡು ಕೂತಿದ್ದೀಯಲ್ಲ, ನಿನಗೆ ಮಧ್ಯಾಹ್ನ ಊಟ ಗಂಟಲಲ್ಲಿ ಇಳಿಯತ್ತಾ?"

"ದುಃಖದಲ್ಲಿದ್ದೀರಿ. ನಾನು ತಪ್ಪು ತಿಳಿಯಲ್ಲ."

"ನೀನು ತಿಳೀಬೇಕು. ತಿಳೀಲಿ ಅಂತಲೇ ಹೇಳ್ತಿರೋದು."

ಇಸ್ತ್ರಿ ಅವಳನ್ನು ಬಿಟ್ಟು ಸೂಜಿಯತ್ತ ತಿರುಗಿದ. "ನೋಡಿ ಮೇಡಂ, ನಿಮ್ಮ ಕೆಲಸಕ್ಕೆ ನನ್ನ ಗೌರವ ಇದೆ. ಆದರೆ ಇದು ಬಹಳ ಸೂಕ್ಷ್ಮ ವಿಜ್ಞಾನ. ಹೊರಗಿನವರಿಗೆ ಅರ್ಥ ಆಗೋದು ಕಷ್ಟ."

"ಹೌದು ಸಾರ್, ಅರ್ಥ ಆಗದೇ ಇದ್ದಿದ್ದಕ್ಕೇ ಬಂದೆ." ಸೂಜಿ ಸ್ಟ್ಯಾಂಡನ್ನು ಅವನ ವರದಿಯ ಮೇಲೆಯೇ ಇಟ್ಟಳು. ಕಾಗದ ಕರಕರ ಎಂದಿತು. "ನೆಲದಲ್ಲಿ ಹಳದಿ ಪಾದ ಬರೆಸಿದ್ದೀರಲ್ಲ. ಅದು ಯಾಕೆ?"

"ಯಂತ್ರ ಆರಿಸಿದ್ದಾಗ ನಿಂತು ಕೆಲಸ ಮಾಡೋಕೆ."

"ಆರಿದ ಯಂತ್ರದ ಮುಂದೆ ಎಲ್ಲಿ ನಿಂತರೇನು? ಒಲೆ ಹಚ್ಚದೆ ಇದ್ರೆ ಬೆಕ್ಕು ಅದರ ಮೇಲೇ ಮಲಗತ್ತೆ."

ಅವನು ನಕ್ಕ. ನಗುವೂ ಮಡಿಕೆ ಮುರಿಯದ ನಗು.

"ಹೋಗಲಿ ಬಿಡಿ," ಎಂದಳು ಸೂಜಿ. "ಈ ತಿರುಪನ್ನ ಐವತ್ತೆರಡಕ್ಕೆ ಇಟ್ಟಿದ್ದೀನಿ. ನಲವತ್ತಕ್ಕೆ ತರೋಕೆ ಆಪರೇಟರಿಗೆ ಹೇಳಿದೆ. ಅವನು ಅಲ್ಲಿಗೆ ಹೋದ, ಇಲ್ಲಿಗೆ ಬಂದ, ಏನೇನೋ ಮಾಡಿದ. ನನಗೆ ಗೊಂದಲ ಆಯ್ತು. ಇದೇನು ಅಷ್ಟು ಕಷ್ಟದ ಕೆಲಸವಾ?"

"ಕಷ್ಟ ಏನಿಲ್ಲ. ಈ ಹಳೇ ನೌಕರರಿಗೆ ಕೆಲವು ಚಾಳಿ."

"ಇವರನ್ನ ಯಾಕೆ ಕೇಳ್ತೀರಿ ಅಕ್ಕ?" ಕಂಡಕ್ಟರ್ ಮೂತಿ ತಿರುವಿದಳು. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅವಳ ಹೊಟ್ಟೆಯೊಳಗಿನ ಉರಿಯೇ ಮಾತಾಡಿತು. "ಇವರಿಗೆಲ್ಲಿ ಬರತ್ತೆ ತಿರುಪು? ಫೈಲು ತಿರುಗಿಸೋ ಕೈ ಅದು. ಬಲ್ಬ್ ಹಾಕೋಕೂ ಆಳು ಕರೀತಾರೆ."

ಇಸ್ತ್ರಿಯ ಕಿವಿಯ ತುದಿ ಕೆಂಪಾಯಿತು. ಎದುರಿಗೆ ತನ್ನ ಕೈಕೆಳಗಿನ ಆಪರೇಟರ್ ನಿಂತಿದ್ದ. ಅದೂ ಒಂದು ಸಂಕಟ. ಅವನು ತೋಳು ಮಡಿಸಲಿಲ್ಲ, ಎರಡೇ ಬೆರಳಿನಲ್ಲಿ ಬಳೆಯನ್ನು ಹಿಡಿದು ತಿರುಗಿಸಿದ. ಐವತ್ತು, ನಲವತ್ತೈದು, ನಲವತ್ತು. ಅಲ್ಲಿಗೆ ನಿಲ್ಲಿಸಿ, ಕೈ ಒರೆಸಿಕೊಂಡ.

"ಇಷ್ಟೇ. ಮುನ್ನೂರ ನಲವತ್ತು."

ಆಪರೇಟರ್ ಕಣ್ಣು ಮುಚ್ಚಿಕೊಂಡ.

"ಬಳೆ ನಲವತ್ತು ಅನ್ನತ್ತೆ," ಎಂದಳು ಸೂಜಿ. "ಮುಳ್ಳು ಏನನ್ನತ್ತೆ, ಓದಿ ಸಾರ್."

ಅವನು ಓದಲಿಲ್ಲ. ಮುಳ್ಳು ನಲವತ್ತೇಳಕ್ಕೆ ಕೂದಲೆಳೆ ಕಡಿಮೆ ನಿಂತಿತ್ತು.

"ಏಳು ಗೆರೆ." ಸೂಜಿಯ ದನಿ ಈಗ ಪಿಸುಮಾತಿಗೆ ಹತ್ತಿರವಾಗಿತ್ತು. "ಒಳಗೆ ಸೀಲ್ ಆಗಿರೋ ಸ್ಟ್ಯಾಂಡಲ್ಲೂ ಅದೇ ಏಳು ಗೆರೆ. ಐವತ್ತೆರಡರಿಂದ ಇಳಿದು ಬಂದು ನಲವತ್ತಕ್ಕೆ ನಿಂತ ಕೈ. ಮೇಲಿಂದ ಇಳಿಸಿದವರು ಯಾರೋ, ಅವತ್ತು ಕನ್ನಡಿ ಮೇಲಿತ್ತು ಅನ್ನೋದಕ್ಕೆ ಅವರೇ ಸಾಕ್ಷಿ. ಅದು ದಾಖಲೆಯ ಬೆಳಕು. ನಿಮ್ಮ ಅಪ್ಪಣೆಯ ಬೆಳಕು. ಅವಳನ್ನ ಹೊತ್ತುಕೊಂಡು ಹೋದ ಮೇಲೋ ಮೊದಲೋ, ಯಾರೋ ಅದನ್ನ ಇಳಿಸಿದ್ದಾರೆ. ಕೈಕೆಲಸ ಗೊತ್ತಿದ್ದವರಾಗಿದ್ರೆ ದಾಟಿ ಹೋಗಿ ವಾಪಸ್ ಬರ್ತಿದ್ರು, ನನಗೆ ಏನೂ ಸಿಗ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಒಂದು ತಿರುಪೂ ಮುಟ್ಟದೆ ಬೇರೆಯವರ ಕೈ ಮೇಲೆ ಹೆಸರು ಬರ್ಕೊಂಡವರು ಮಾತ್ರ ಹೀಗೆ ಮಾಡ್ತಾರೆ. ನೀವು ಅವಳ ಉಪಾಯ ಕದ್ರಿ ಸಾರ್. ಅವಳ ಕೈ ಕದಿಯೋಕೆ ಆಗಲಿಲ್ಲ."

ಇಸ್ತ್ರಿ ಕುರ್ಚಿಗೆ ಒರಗಿದ. ಅವನು ಕೂಗಾಡುತ್ತಾನೆ, ಸೆಕ್ಯುರಿಟಿಯನ್ನು ಕರೆಯುತ್ತಾನೆ ಎಂದು ಸೂಜಿ ಎಣಿಸಿದ್ದಳು. ಅವನು ಸುಸ್ತಾದವನ ಹಾಗೆ ಹಣೆ ಉಜ್ಜಿಕೊಂಡ.

"ಹೌದು. ತಿರುಗಿಸಿದ್ದು ನಾನೇ."

ಕಂಡಕ್ಟರ್ ಮೇಜಿನ ಮೇಲಿನಿಂದಲೇ ನುಗ್ಗಿದಳು. ಸೂಜಿ ಅವಳ ಸೊಂಟಕ್ಕೆ ತೋಳು ಹಾಕಿ ಹಿಡಿದಳು.

"ಬಿಡಿ ಅಕ್ಕ! ಬಿಡಿ ನನ್ನ!"

"ತಿರುಗಿಸಿದ್ದು ನಾನು," ಎಂದ ಇಸ್ತ್ರಿ, ಮೊದಲ ಸಲ ಮಾತು ಮುಗ್ಗರಿಸುತ್ತಾ. "ಆದರೆ ತಿರುಗಿಸಿ ಅಂತ ಹೇಳಿದ್ದು ಯಾರು ಅಂತ ಕೇಳಲ್ವಾ? ಅವಳೇ. ನಾನು ಓಡಿಬಂದಾಗ ನೆಲದ ಮೇಲೆ ಬಿದ್ದಿದ್ಲು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು. ನೋವು ಅಂತ ಅನ್ನಲಿಲ್ಲ. 'ನಲವತ್ತಕ್ಕೆ ತನ್ನಿ ಸಾರ್, ಯಾರಾದರೂ ಬರೋದರೊಳಗೆ ನಲವತ್ತಕ್ಕೆ ತನ್ನಿ' ಅಂದ್ಲು. ನನಗೆ ಅನುಕೂಲವಾಯ್ತು, ಸುಳ್ಳು ಹೇಳಲ್ಲ. ತಂದೆ."

"ಥೂ! ಬಿದ್ದವಳ ಬಾಯಿಗೂ ನಿನ್ನ ಸುಳ್ಳು ತುರುಕ್ತೀಯಾ?"

"ಸುಳ್ಳಲ್ಲ," ಎಂದ ಆಪರೇಟರ್.

ಮೂವರೂ ಅವನತ್ತ ತಿರುಗಿದರು.

"ಸಾರ್ ಹಿಂದೇನೇ ನಾನೂ ಓಡಿಬಂದಿದ್ದೆ. ಕೇಳಿಸಿಕೊಂಡೆ. ಬೆಳಗ್ಗಿನ ಬೆಳಕು ಹೊತ್ತಿಸೋಕೆ ಗುಂಡಿ ಒತ್ತಿದ್ದೂ ನಾನೇ ಅಕ್ಕ. ಸಾರ್ ಹೇಳಿದ್ರು, ಒತ್ತಿದೆ. ಐವತ್ತೆರಡು. ಬರ್ಕೊಳ್ಳಿ. ಮಕ್ಕಳು ಏನಾದರೂ ಮಾಡ್ಕೋತಾರೆ."

ಸೂಜಿ ಹಿಡಿತ ಸಡಿಲಿಸಲಿಲ್ಲ. ಅವಳ ತಲೆಯೊಳಗೆ ಮಾತ್ರ ಒಂದು ವಿಷಯ ಮೆಲ್ಲಗೆ ಜಾಗಕ್ಕೆ ಬಂದು ಕೂತಿತು. ಒಂಬತ್ತು ವರ್ಷದಲ್ಲಿ ಒಂದು ಸಾಲೂ ತಪ್ಪದವಳು. ಸಂಖ್ಯೆ ಹೇಳಿದಳು, ದಾರಿ ಹೇಳಲಿಲ್ಲ. ಕಣ್ಣು ಸುಟ್ಟ ಆ ಗಳಿಗೆಯಲ್ಲೂ ಅವಳಿಗೆ ಗೊತ್ತಿತ್ತು, ಇಸ್ತ್ರಿಯ ಕೈ ನೇರ ಹೋಗಿ ನಿಲ್ಲುತ್ತದೆ, ಏಳು ಗೆರೆ ಉಳಿಯುತ್ತದೆ, ಓದುವವರು ಬಂದರೆ ಓದುತ್ತಾರೆ. ಇಸ್ತ್ರಿಗೆ ಬೇಕಾದ್ದನ್ನು ಕೊಟ್ಟಳು, ಅದರೊಳಗೇ ಕೊಕ್ಕೆಯನ್ನೂ ಇಟ್ಟಳು.

ಆದರೆ ಅಷ್ಟು ಅವಸರ ಯಾತಕ್ಕೆ? ಯಾರು ಬರುವುದರೊಳಗೆ?

"ಮುಚ್ಚಳ ತೆಗೆದಿದ್ದು ಯಾರು?" ಎಂದು ಕೇಳಿದಳು.

"ನಾನಲ್ಲ. ನಾನು ಬಂದಾಗಲೇ ತೆಗೆದಿತ್ತು," ಎಂದ ಇಸ್ತ್ರಿ. ಅವನ ಕಣ್ಣಿನಲ್ಲಿ ಈಗ ನಾಟಕವಿರಲಿಲ್ಲ. "ಬೆಳಕು ಓಡೋವಾಗ ಅದನ್ನ ಅವಳು ತೆಗೆಯೋಳಲ್ಲ. ನನಗೂ ಗೊತ್ತು."

"ಗೊತ್ತಿದ್ದೂ ಅವಳೇ ತೆಗೆದಳು ಅಂತ ಬರೆದ್ರಿ."

ಅವನು ಎರಡು ಬೆರಳಿನಿಂದ ಕಾಲರ್ ತೀಡಿಕೊಂಡ.

"ಅಕ್ಕ," ಎಂದ ಆಪರೇಟರ್. "ಅವಳು ಇನ್ನೊಂದು ಮಾತೂ ಕೇಳಿದ್ಲು. ಸ್ಟ್ರೆಚರ್ ಮೇಲೆ ಮಲಗಿಸೋವಾಗ ನನ್ನ ಕೈ ಹಿಡ್ಕೊಂಡು, ಬರೀ ನನಗೆ ಕೇಳೋ ಹಾಗೆ, 'ಅವನು ಹೊರಗೆ ಹೋದನಾ?' ಅಂತ."

"ಯಾರು?"

"ಗೊತ್ತಿಲ್ಲ. ಕೋಣೇಲಿ ಇದ್ದಿದ್ದು ನಾನೂ ಸಾರೂ ಮಾತ್ರ. ಇಬ್ಬರೂ ಅಲ್ಲೇ ನಿಂತಿದ್ವಿ. ನೋವಿಗೆ ಏನೋ ಬಡಬಡಿಸ್ತಿದ್ದಾಳೆ ಅಂದ್ಕೊಂಡೆ."

"ಇನ್ನೊಬ್ಬ ಇದ್ದನಾ?" ಇಸ್ತ್ರಿ ಎದ್ದೇ ನಿಂತ. "ಸಾಧ್ಯವಿಲ್ಲ. ಬಾಗಿಲ ರಿಜಿಸ್ಟರಿನಲ್ಲಿ ಅವಳೊಬ್ಬಳದೇ ಹೆಸರು."

"ನಿಮ್ಮ ರಿಜಿಸ್ಟರಿನಲ್ಲಿ ಮುನ್ನೂರ ನಲವತ್ತು ಅಂತಲೂ ಇದೆ," ಎಂದಳು ಸೂಜಿ. ಹೇಳುತ್ತಿದ್ದಂತೆಯೇ ಅವಳ ತೋಳಿನಲ್ಲಿ ಏನೋ ಬದಲಾಯಿತು. ಇಷ್ಟು ಹೊತ್ತು ಬಿಲ್ಲಿನ ಹಾಗೆ ಎಳೆದು ನಿಂತಿದ್ದ ಕಂಡಕ್ಟರಿನ ಮೈ ಒಮ್ಮೆಗೇ ಭಾರವಾಗಿತ್ತು.

ಅವಳು ಕುರ್ಚಿ ಹುಡುಕಿಕೊಂಡು ಕೂತಳು. ಯಾರನ್ನೂ ನೋಡದೆ ಕೈ ಚಾಚಿ, ಸ್ಟ್ಯಾಂಡಿನ ಅಡಿಯಿಂದ ವರದಿಯನ್ನು ಎಳೆದುಕೊಂಡಳು.

"ಪೆನ್ನು ಕೊಡಿ ಸಾರ್."

"ಏನು ಮಾಡ್ತಿದ್ದೀಯ?" ಸೂಜಿ ಅವಳ ಮಣಿಕಟ್ಟು ಹಿಡಿದಳು. "ಗೆದ್ದಿದ್ದೀವಿ ಕಣೇ. ಇಬ್ಬರೂ ಬಾಯಿ ಬಿಟ್ಟಿದ್ದಾರೆ. ಪತ್ರವನ್ನ ಇವರ ಕೊರಳಪಟ್ಟಿ ಹಿಡಿದು ಕೊಡಿಸ್ತೀನಿ. ಈಗ ಸಹಿ ಹಾಕಿದರೆ ಎಲ್ಲ ಅವಳ ತಲೆಗೇ ಬರತ್ತೆ."

"ಬರಲಿ. ಇನ್ನೂ ಕೆದಕಿದರೆ ಅವಳು ಮುಚ್ಚಿಟ್ಟವನ ಹೆಸರು ಹೊರಗೆ ಬರತ್ತೆ. ಬಿಡಿ ಅಕ್ಕ."

"ಯಾರೇ ಅವನು? ಗೊತ್ತು ನಿನಗೆ. ಹೇಳು, ಯಾರು?"

ಕಂಡಕ್ಟರ್ ತಲೆ ಎತ್ತಿದಳು. ಐದು ದಿನದಿಂದ ಕಂಡವರಿಗೆಲ್ಲ ಬೆಂಕಿ ಕಾರುತ್ತಿದ್ದ ಆ ಕಣ್ಣುಗಳಲ್ಲಿ ಈಗ ಭಯ ಬಿಟ್ಟರೆ ಬೇರೇನೂ ಇರಲಿಲ್ಲ.

"ಆಸ್ಪತ್ರೆ ಮೆಟ್ಟಿಲ ಮೇಲೆ ನಿಮ್ಮ ವಿಳಾಸ ಬರೆದು ನನ್ನ ಕೈಗೆ ಕೊಟ್ಟವನು ಅಕ್ಕ. 'ಇವರನ್ನೇ ಕರ್ಕೊಂಡು ಬಾ, ಬೇರೆ ಯಾರೂ ಬೇಡ' ಅಂದವನು."